ಊರು ನೀರಲ್ಲಿ, ಕಾಗದ ಗುಡ್ಡದ ಮೇಲೆ

ವೇಲ್ಸ್‌ನ ರಾಜಧಾನಿ ಕಾರ್ಡಿಫ್. ಅದರ ರಾಷ್ಟ್ರೀಯ ಗ್ರಂಥಾಲಯ ಇರುವುದು ಅಬೆರಿಸ್ಟ್ವಿತ್‌ ಎಂಬ ಕಡಲ ದಂಡೆಯ ಸಣ್ಣ ಊರಿನಲ್ಲಿ. ಈ ಎರಡು ಊರುಗಳ ನಡುವೆ ನೇರವಾದ ರೈಲುದಾರಿ ಇಲ್ಲ. ಕಾರ್ಡಿಫ್‌ನಿಂದ ಹೊರಟವರು ಗಡಿ ದಾಟಿ ಇಂಗ್ಲೆಂಡಿನ ಶ್ರೂಸ್‌ಬರಿಗೆ ಹೋಗಬೇಕು. ಅಲ್ಲಿಂದ ಇನ್ನೊಂದು ರೈಲಿನಲ್ಲಿ ಮತ್ತೆ ವೇಲ್ಸ್ ಒಳಗೆ ಬರಬೇಕು. ಮೊದಲು ದಕ್ಷಿಣದ ಕಾರ್ಮಾರ್ಥನ್‌ನಿಂದ ಒಂದು ದಾರಿ ಇತ್ತಂತೆ. 1965ರಲ್ಲಿ ಅಲ್ಲಿ ಪ್ರಯಾಣಿಕರ ಗಾಡಿ ನಿಂತುಹೋಯಿತು. ತಮ್ಮದೇ ದೇಶದ ಪುಸ್ತಕದ ಮನೆಗೆ ಹೋಗೋಕೆ ಪಕ್ಕದ ದೇಶವನ್ನು ಸುತ್ತಿ ಬರಬೇಕಾದ ಜನ ಇವರು.

ಕೆಲಸದ ಮೇಲೆ ಕಾರ್ಡಿಫ್‌ನಲ್ಲಿದ್ದ ದಿನಗಳಲ್ಲಿ ನಾನೂ ಹೀಗೆ ಸುತ್ತಿಕೊಂಡು ಹೋಗಿದ್ದೆ. ನಾನು ಇತಿಹಾಸ ಓದಿದವನಲ್ಲ. ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ಕಪ್ಪು ಬಿಳುಪು ಫೋಟೋ. 1956ರ ನವೆಂಬರ್, ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬೀದಿ. ದಪ್ಪ ಕೋಟು ಹಾಕಿಕೊಂಡ ಹಳ್ಳಿಯವರು ಒಂದು ಫಲಕ ಹಿಡಿದು ನಡೆಯುತ್ತಿದ್ದಾರೆ. ನಿಮ್ಮ ಮನೆಗಳು ಸುರಕ್ಷಿತವಾಗಿವೆ, ನಮ್ಮವನ್ನೂ ಉಳಿಸಿ, ನಮ್ಮ ಮನೆಗಳನ್ನು ಮುಳುಗಿಸಬೇಡಿ ಅಂತ ಅದರಲ್ಲಿ ಬರೆದಿದೆ. 'ಮುಳುಗಿಸಬೇಡಿ' ಎಂಬ ಮಾತು ನೋಡಿ ನನ್ನ ಕೈ ಅಲ್ಲೇ ನಿಂತಿತು.

ಯಾಕೆ ಅಂತ ಹೇಳಬೇಕು. ನನ್ನ ಅಜ್ಜನ ಊರು ಸಾಗರ ತಾಲ್ಲೂಕಿನಲ್ಲಿತ್ತು. 'ಇತ್ತು' ಅಂತಲೇ ಬರೆಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಊರು ಒಳಗೆ ಹೋಯಿತು. ನಮ್ಮ ಕಡೆ ಇದಕ್ಕೆ ಮುಳುಗಡೆ ಅಂತಾರೆ. ಅರವತ್ತು ವರ್ಷ ಆದರೂ ಮದುವೆ ಮಾತುಕತೆಯಲ್ಲಿ 'ಅವರು ಮುಳುಗಡೆಯವರು' ಎಂಬ ಮಾತು ಬರುತ್ತದೆ. ಅಜ್ಜನ ಅಕ್ಷರ ಚೆನ್ನಾಗಿತ್ತು. ಹಾಗಾಗಿ ಊರಿನ ಅರ್ಧ ಜನಕ್ಕೆ ಅರ್ಜಿ ಬರೆದುಕೊಡುತ್ತಿದ್ದದ್ದು ಅವರೇ. ಪರಿಹಾರ ಕಡಿಮೆ ಬಂದಿದೆ, ತೋಟ ಲೆಕ್ಕಕ್ಕೆ ಸೇರಿಲ್ಲ, ತೋರಿಸಿದ ಜಾಗದಲ್ಲಿ ನೀರಿಲ್ಲ. ಪ್ರತಿ ಅರ್ಜಿಗೂ ಕಾರ್ಬನ್ ಹಾಕಿ ಒಂದು ನಕಲು ಇಟ್ಟುಕೊಳ್ಳುತ್ತಿದ್ದರು. ಹೊಸ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕಿನ ತುಂಬ ಆ ನಕಲುಗಳಿದ್ದವು.

ಅಜ್ಜ ಹೋದ ಮೇಲೆ, ನನಗೆ ಹತ್ತು ವರ್ಷ ಇದ್ದಾಗ, ಆ ಟ್ರಂಕು ಕೆಳಗಿಳಿಯಿತು. ಮಳೆಗಾಲ. ಸೌದೆ ಒದ್ದೆ. ಬಚ್ಚಲೊಲೆಗೆ ಬೆಂಕಿ ಹತ್ತುತ್ತಿರಲಿಲ್ಲ. ದಿನಾ ಬೆಳಿಗ್ಗೆ ಒಂದು ಹಿಡಿ ಕಾಗದ ತಂದು ಒಲೆಗೆ ಹಾಕುವ ಕೆಲಸ ನನ್ನದು. ಒಂದು ಮಳೆಗಾಲಕ್ಕೆ ಟ್ರಂಕು ಖಾಲಿಯಾಯಿತು. ಕಾರ್ಬನ್ನಿನ ನೀಲಿ ಅಕ್ಷರ ಬೆಂಕಿಯಲ್ಲಿ ಒಂದು ಗಳಿಗೆ ಹೊಳೆದು ಹೋಗುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಯಾರೂ ಬೈಯಲಿಲ್ಲ. ಅದು ತಪ್ಪು ಅಂತ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಈ ನೆನಪನ್ನು ಹೊತ್ತುಕೊಂಡೇ ನಾನು ಆ ಗುಡ್ಡ ಹತ್ತಿದ್ದು.

ಗ್ರಂಥಾಲಯ ಊರಿನ ಮೇಲಿದೆ. ಬಿಳಿ ಕಲ್ಲಿನ ದೊಡ್ಡ ಕಟ್ಟಡ. ಮೆಟ್ಟಿಲ ಮೇಲೆ ನಿಂತರೆ ಕೆಳಗೆ ಊರು, ಅದರಾಚೆ ಕಡಲು. 1907ರಲ್ಲಿ ರಾಜಶಾಸನದ ಮೂಲಕ ಇದು ಹುಟ್ಟಿತು. ಅದೇ ವರ್ಷ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕಾರ್ಡಿಫ್‌ಗೆ ಹೋಯಿತು. ಗ್ರಂಥಾಲಯ ಇಲ್ಲಿಗೆ ಬರಲು ದೊಡ್ಡ ಕಾರಣ ಸರ್ ಜಾನ್ ವಿಲಿಯಮ್ಸ್ ಎಂಬ ವೈದ್ಯರು. ಅವರು ವಿಕ್ಟೋರಿಯಾ ರಾಣಿಯ ಮನೆತನಕ್ಕೆ ಚಿಕಿತ್ಸೆ ಕೊಡುತ್ತಿದ್ದವರು. ದುಡಿದ ದುಡ್ಡಿನಲ್ಲಿ ಹಳೆಯ ವೆಲ್ಷ್ ಹಸ್ತಪ್ರತಿಗಳನ್ನು ಕೊಂಡು ಕೂಡಿಟ್ಟಿದ್ದರು. ಅಬೆರಿಸ್ಟ್ವಿತ್‌ನಲ್ಲಿ ಕಟ್ಟಿದರೆ ಮಾತ್ರ ಇವನ್ನು ಕೊಡುತ್ತೇನೆ ಅಂದರು. ವೆಲ್ಷ್ ಭಾಷೆಯಲ್ಲೇ ಪೂರ್ತಿಯಾಗಿ ಬರೆದ ಹಸ್ತಪ್ರತಿಗಳಲ್ಲಿ ಉಳಿದಿರುವ ಅತಿ ಹಳೆಯದಾದ 'ಕಾರ್ಮಾರ್ಥನ್‌ನ ಕಪ್ಪು ಪುಸ್ತಕ' ಕೂಡ ಆ ಗಂಟಿನಲ್ಲೇ ಇತ್ತು. 1911ರಲ್ಲಿ ಅಡಿಗಲ್ಲು ಬಿತ್ತು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಬ್ರಿಟಿಷ್ ಮ್ಯೂಸಿಯಂನ ಅಮೂಲ್ಯ ವಸ್ತುಗಳನ್ನು ತಂದು ಈ ಕಟ್ಟಡದ ಕೆಳಗೆ ಬಂಡೆ ಕೊರೆದ ಸುರಂಗದಲ್ಲಿ ಇಟ್ಟಿದ್ದರು.

ಆದರೆ ನನಗೆ ಹಸ್ತಪ್ರತಿಗಳಿಗಿಂತ ಜಾಸ್ತಿ ಕುತೂಹಲ ಇದ್ದದ್ದು ಪೆಟ್ಟಿಗೆಗಳ ಮೇಲೆ. ಕಾಗದಪತ್ರಗಳ ಪೆಟ್ಟಿಗೆಗಳು. ಜಮೀನುದಾರ ಮನೆತನದ ಬಾಡಿಗೆ ಲೆಕ್ಕ, ಸಂಸದನ ಟಪಾಲು, ಊರಿನ ಸಣ್ಣ ಚರ್ಚಾದ ಚಾಪೆಲ್‌ನ ಸಭೆಯ ನಡಾವಳಿ, ಕವಿಯ ಡೈರಿ. ವೆಲ್ಷ್‌ನಲ್ಲಿ ಇವಕ್ಕೆ 'ಪಪೂರೈ' ಅಂತಾರೆ, ಕಾಗದಗಳು ಅಂತ ಅಷ್ಟೇ ಅರ್ಥ. ಯಾರದೋ ಹೆಸರಿನ ಪಕ್ಕ ಆ ಪದ ಸೇರಿತು ಅಂದರೆ ಆ ಮನುಷ್ಯನ ಬದುಕಿನ ಕಾಗದವೆಲ್ಲ ಒಂದು ಕಡೆ ಬಂದು ಕೂತಿದೆ ಅಂತ.

ಓದುವ ಕೋಣೆಯಲ್ಲಿ ಪೆನ್ನು ಬಳಸುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಚೀಟಿ ಕೊಟ್ಟರೆ ಪೆಟ್ಟಿಗೆ ಬರುತ್ತದೆ. ಒಂದು ಕಡತ ಮುಗಿಸಿ ಇನ್ನೊಂದು ತೆಗೆಯಬೇಕು. ಹಾಳೆಗಳ ಕ್ರಮ ಬದಲಿಸುವಂತಿಲ್ಲ. ಈ ಕೊನೆಯ ಕಟ್ಟಳೆ ನನಗೆ ಮೊದಲು ಬರೀ ಶಿಸ್ತು ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಹಳೆಯ ಕಾಗದಪತ್ರ ಕಾಯುವ ಅಭಿಲೇಖಾಲಯದವರ ಕಸುಬಿನ ಜೀವ ಇರುವುದೇ ಅಲ್ಲಿ. ಒಬ್ಬರ ಕಾಗದವನ್ನು ಇನ್ನೊಬ್ಬರದರ ಜೊತೆ ಬೆರೆಸುವುದಿಲ್ಲ. ಅವರು ಹೇಗೆ ಇಟ್ಟಿದ್ದರೋ ಆ ಕ್ರಮವನ್ನು ಆದಷ್ಟು ಹಾಗೇ ಕಾಪಾಡುತ್ತಾರೆ. ಕರೆಂಟು ಬಿಲ್ಲಿನ ಪಕ್ಕದಲ್ಲಿ ಪ್ರೇಮಪತ್ರ ಇದ್ದರೆ ಅದಕ್ಕೂ ಒಂದು ಕಾರಣ ಇರಬಹುದು, ಅಲ್ವಾ? ವಿಷಯದ ಪ್ರಕಾರ ಜೋಡಿಸಿಬಿಟ್ಟರೆ ಆ ಕಾರಣ ಯಾವತ್ತಿಗೂ ಕಳೆದುಹೋಗುತ್ತದೆ.

ವೇಲ್ಸ್‌ನಿಂದ ಬಂದ ರಾಜಕಾರಣಿಗಳಲ್ಲಿ ದೊಡ್ಡ ಹೆಸರು ಡೇವಿಡ್ ಲಾಯ್ಡ್ ಜಾರ್ಜ್. 1916ರಿಂದ 1922ರವರೆಗೆ ಬ್ರಿಟನ್ನಿನ ಪ್ರಧಾನಿ. ಹುಟ್ಟಿದ್ದು ಮ್ಯಾಂಚೆಸ್ಟರ್‌ನಲ್ಲಿ, 1863ರಲ್ಲಿ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಉತ್ತರ ವೇಲ್ಸ್‌ನ ತವರಿಗೆ ಬಂದರು. ಹುಡುಗನನ್ನು ಬೆಳೆಸಿದವರು ಸೋದರಮಾವ ರಿಚರ್ಡ್ ಲಾಯ್ಡ್. ಅವರು ಚಪ್ಪಲಿ ಹೊಲಿಯುವವರು, ಭಾನುವಾರ ಚಾಪೆಲ್‌ನಲ್ಲಿ ಬೋಧನೆ ಮಾಡುವವರು. ಆ ಮಾವನ ಹೆಸರೇ ಅಳಿಯನ ಹೆಸರಿನಲ್ಲಿ ಸೇರಿಕೊಂಡಿತು.

ಈತನ ರಾಜಕೀಯದ ಮುಖ್ಯ ಕಾಗದಗಳು ಲಂಡನ್ನಿನಲ್ಲಿ ಉಳಿದವು. ಹೆಂಡತಿ ಮಾರ್ಗರೆಟ್‌ಗೆ, ತಮ್ಮ ವಿಲಿಯಂಗೆ ಬರೆದ ಪತ್ರಗಳು ಮಾತ್ರ ಅಬೆರಿಸ್ಟ್ವಿತ್‌ಗೆ ಬಂದಿವೆ. ಪ್ರಧಾನಿ ಅಲ್ಲಿ, ಮನೆಯ ಮನುಷ್ಯ ಇಲ್ಲಿ. ಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ನಡುನಡುವೆ, ಮುದ್ದಿನ ಮಾತು ಬರುವ ಕಡೆ, ವೆಲ್ಷ್‌ಗೆ ಜಾರುತ್ತಾರೆ. ನಮಗೆ ಇದು ವಿವರಿಸಬೇಕಾದ ಸಂಗತಿಯೇ ಅಲ್ಲ. ಆಫೀಸಿನ ವಿಷಯವೆಲ್ಲ ಇಂಗ್ಲಿಷಿನಲ್ಲಿ ಬರೆದು ಕೊನೆಗೆ 'ಊಟ ಮಾಡಿದ್ಯಾ' ಅಂತ ಕನ್ನಡದಲ್ಲಿ ಕೇಳುವವರು ನಾವು.

ಮದುವೆಗೆ ಮುಂಚೆ ಆತ ಮಾರ್ಗರೆಟ್‌ಗೆ ಬರೆದ ಒಂದು ಕಾಗದ ಇದೆ. ಅಚ್ಚಿನಲ್ಲೂ ಬಂದಿದೆ. ಬದುಕಿನಲ್ಲಿ ಮೇಲೇರುವುದೇ ನನ್ನ ದೊಡ್ಡ ಗುರಿ ಅನ್ನುತ್ತಾನೆ ಆ ಯುವ ವಕೀಲ. ಪ್ರಾಮಾಣಿಕತೆ ಒಂದನ್ನು ಬಿಟ್ಟು ಎಲ್ಲವನ್ನೂ ಅದಕ್ಕೆ ಬಲಿ ಕೊಡುತ್ತೇನೆ. ಅಡ್ಡ ಬಂದರೆ ಪ್ರೀತಿಯನ್ನೂ ನನ್ನ 'ಜಗ್ಗರ್‌ನಾಟ್'ನ ಗಾಲಿಯ ಕೆಳಗೆ ತಳ್ಳಲು ಸಿದ್ಧ. ಜಗ್ಗರ್‌ನಾಟ್ ಅಂದರೆ ನಮ್ಮ ಪುರಿಯ ಜಗನ್ನಾಥನೇ. ತೇರಿನಡಿ ಜನ ಬಿದ್ದು ಸಾಯುತ್ತಾರೆ ಎಂಬ ಯುರೋಪಿನ ಕಥೆಯಿಂದ ಇಂಗ್ಲಿಷಿಗೆ ಹೋದ ಪದ. ನಾನು ಊರಿನ ತೇರು ಎಳೆದು ಬೆಳೆದವನು. ಗಾಲಿಯ ಪಕ್ಕದಲ್ಲೇ ಮರದ ತುಂಡು ಹಿಡಿದು ಓಡುವವರಿರುತ್ತಾರೆ. ತೇರು ವಾಲಿದರೆ, ಯಾರಾದರೂ ಅಡ್ಡ ಬಂದರೆ, ತುಂಡನ್ನು ಗಾಲಿಗೆ ಕೊಟ್ಟು ನಿಲ್ಲಿಸುವುದೇ ಅವರ ಕೆಲಸ. ಆ ಹುಡುಗನ ಕಲ್ಪನೆಯ ತೇರಿನಲ್ಲಿ ಅಂಥವರು ಯಾರೂ ಇರಲಿಲ್ಲ.

ಮಾರ್ಗರೆಟ್ 1888ರಲ್ಲಿ ಅವನನ್ನು ಮದುವೆಯಾದರು. ಆಕೆಗೆ ಲಂಡನ್ ಹಿಡಿಸಲಿಲ್ಲ, ಹೆಚ್ಚು ಕಾಲ ಕಡಲ ದಂಡೆಯ ಕ್ರಿಕ್ಕಿಯೆತ್‌ನಲ್ಲೇ ಇದ್ದರು. ಗಂಡನಿಗೆ ಕಾರ್ಯದರ್ಶಿ ಫ್ರಾನ್ಸಿಸ್ ಸ್ಟೀವನ್‌ಸನ್ ಜೊತೆ ಬಹಳ ವರ್ಷದ ಸಂಬಂಧ ಇತ್ತು. ಮಾರ್ಗರೆಟ್ 1941ರಲ್ಲಿ ತೀರಿಕೊಂಡ ಮೇಲೆ, 1943ರಲ್ಲಿ, ಅವರಿಬ್ಬರು ಮದುವೆಯಾದರು. ಇಷ್ಟೆಲ್ಲ ಆದರೂ ಆ ಹಳೆಯ ಕಾಗದ ಉಳಿದಿದೆ. ಕೈಗೆ ಸಿಕ್ಕ ಯಾವುದಾದರೂ ದಿನ ಅದು ಒಲೆಗೆ ಹೋಗಬಹುದಿತ್ತು. ಹೋಗಲಿಲ್ಲ. ಪತ್ರ ಬರೆದವರಿಗಿಂತ ಇಟ್ಟುಕೊಂಡವರ ಮೇಲೆ ನನಗೆ ಗೌರವ ಜಾಸ್ತಿಯಾದದ್ದು ಆಗಲೇ.

ತಮ್ಮ ವಿಲಿಯಂ ಬಗ್ಗೆ ಒಂದು ಮಾತು. ಅಣ್ಣ ಸಂಸತ್ತಿನಲ್ಲಿದ್ದಾಗ ಊರಲ್ಲಿ ವಕೀಲಿ ಕಚೇರಿ ನಡೆಸಿ ಹಣದ ಕಷ್ಟ ನೀಗಿದವರು ಅವರೇ. 1967ರವರೆಗೆ, ನೂರು ವರ್ಷ ದಾಟಿ ಬದುಕಿದ್ದರು. ಮನೆತನದ ಕಾಗದಗಳಲ್ಲಿ ಮಾತ್ರ ಇಂಥವರು ಮುಂದೆ ಬಂದು ನಿಲ್ಲುತ್ತಾರೆ.

ಕರ್ನಾಟಕದ ನೆರಳೂ ಆ ಗುಡ್ಡದ ಮೇಲೆ ಬಿದ್ದಿದೆ. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಕಾಗದಗಳ ಒಂದು ದೊಡ್ಡ ಭಾಗ ಇರುವುದು ಅಬೆರಿಸ್ಟ್ವಿತ್‌ನಲ್ಲೇ. ಅವನ ಮಗ ಎಡ್ವರ್ಡ್ ಕ್ಲೈವ್ ವೇಲ್ಸ್‌ನ ಪೊವಿಸ್ ಮನೆತನದ ಹೆನ್ರಿಯೆಟ್ಟಾಳನ್ನು ಮದುವೆಯಾದ. 1798ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ. ಮರುವರ್ಷ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. 1800ರಲ್ಲಿ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ನೋಡಿದಳು. ಟಿಪ್ಪುವಿನ ಗುಡಾರ, ಸಿಂಹಾಸನದ ಚಿನ್ನದ ಹುಲಿತಲೆ ಈಗಲೂ ಪೊವಿಸ್ ಕೋಟೆಯಲ್ಲಿವೆ. ಹೂಬಳ್ಳಿಯ ಚಿತ್ರದ ಆ ಗುಡಾರದ ಬಟ್ಟೆ ಎಷ್ಟು ಚೆಂದ ಇದೆ ಅಂದರೆ, ಅದರ ಮುಂದೆ ನಿಂತು ಸಿಟ್ಟು ಮಾಡಿಕೊಳ್ಳೋಕೂ ಒಂದು ನಿಮಿಷ ಬೇಕಾಯಿತು. ಸೋತವನ ಮನೆಯ ವಸ್ತು ಗೆದ್ದವನ ಮನೆತನದ ಪಟ್ಟಿಯಲ್ಲಿ ಸೇರಿದೆ. ಮೈಸೂರಿನ ಕಥೆ ಬರೆಯುವ ನಮ್ಮವರು ಅಲ್ಲಿಗೂ ಹೋಗಬೇಕು, ಆ ಪೆಟ್ಟಿಗೆಗಳನ್ನೂ ನಮ್ಮ ಕಣ್ಣಿಂದ ಓದಬೇಕು ಅಂತ ನನ್ನ ಆಸೆ.

ಇನ್ನು ನಾನು ಹೋದ ಕಾರಣಕ್ಕೆ ಬರುತ್ತೇನೆ.

ಆ ಊರಿನ ಹೆಸರು ಕಪೆಲ್ ಕೆಲಿನ್. ಉತ್ತರ ವೇಲ್ಸ್‌ನ ಬಾಲಾ ಪಟ್ಟಣದ ಹತ್ತಿರ, ಟ್ರವೆರಿನ್ ಕಣಿವೆಯಲ್ಲಿತ್ತು. ಒಂದು ಚಾಪೆಲ್, ಒಂದು ಶಾಲೆ, ಒಂದು ಅಂಚೆಕಚೇರಿ, ಸುತ್ತ ಹೊಲಮನೆಗಳು. ಎಲ್ಲರ ಮಾತೂ ವೆಲ್ಷ್. ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಗಿತ್ತು. ಕಣಿವೆಗೆ ಅಡ್ಡಕಟ್ಟಿ ಜಲಾಶಯ ಮಾಡುವ ಯೋಜನೆ 1955ರ ಕೊನೆಗೆ ಹೊರಬಿತ್ತು. ತಮ್ಮ ಊರು ಮುಳುಗುತ್ತದೆ ಅಂತ ಊರಿನವರಿಗೆ ಗೊತ್ತಾದದ್ದು ಪತ್ರಿಕೆಯಿಂದ. ಮರುವರ್ಷ ಒಂದು ರಕ್ಷಣಾ ಸಮಿತಿ ಕಟ್ಟಿದರು. ಎಲಿಜಬೆತ್ ವಾಟ್ಕಿನ್ ಜೋನ್ಸ್ ಅದರ ಕಾರ್ಯದರ್ಶಿ, ಆ ಊರಿನ ಮಗಳು. ನವೆಂಬರ್ 21ರಂದು ಊರಿಗೆ ಊರೇ ಲಿವರ್‌ಪೂಲ್‌ಗೆ ಹೋಗಿ ಬೀದಿಯಲ್ಲಿ ನಡೆಯಿತು. ಜೊತೆಗೆ ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿಯ ಗ್ವಿನ್‌ವರ್ ಎವಾನ್ಸ್ ಇದ್ದರು. ನಾನು ನೋಡಿದ ಫೋಟೋ ಆ ದಿನದ್ದು.

ಜಲಾಶಯದ ಮಸೂದೆಯನ್ನು ಲಿವರ್‌ಪೂಲ್ ನಗರಸಭೆ ನೇರವಾಗಿ ಸಂಸತ್ತಿಗೆ ಒಯ್ದಿತು. ಹಾಗೆ ಮಾಡಿದರೆ ವೇಲ್ಸ್‌ನ ಸ್ಥಳೀಯ ಆಡಳಿತದ ಒಪ್ಪಿಗೆ ಕೇಳಬೇಕಾಗಿರಲಿಲ್ಲ. ವೇಲ್ಸ್‌ನ 36 ಸಂಸದರಲ್ಲಿ 35 ಮಂದಿ ಬೆಂಬಲ ಕೊಡಲಿಲ್ಲ. ಆದರೂ 1957ರ ಆಗಸ್ಟ್‌ನಲ್ಲಿ ಅದು ಕಾನೂನಾಯಿತು. 1963ರಲ್ಲಿ ಶಾಲೆ ಮುಚ್ಚಿತು, ಚಾಪೆಲ್‌ನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಊರಲ್ಲಿದ್ದ 67 ಜನರಲ್ಲಿ 48 ಜನ ಮನೆ ಕಳೆದುಕೊಂಡರು. 1965ರ ಅಕ್ಟೋಬರ್ 21ರಂದು ಜಲಾಶಯದ ಉದ್ಘಾಟನೆ. ಪ್ರತಿಭಟನೆಯ ಗದ್ದಲಕ್ಕೆ ಸಮಾರಂಭ ಕೆಲವೇ ನಿಮಿಷದಲ್ಲಿ ಮುಗಿಯಿತು. 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು.

1964, 1965. ಈ ಎರಡು ವರ್ಷಗಳನ್ನು ಪಕ್ಕಪಕ್ಕ ಬರೆದುಕೊಂಡು ನಾನು ತುಂಬ ಹೊತ್ತು ಕೂತಿದ್ದೆ. ಶರಾವತಿಯ ಮುಳುಗಡೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. 67 ಜನರ ಊರು ನಮ್ಮ ಲೆಕ್ಕದಲ್ಲಿ ಒಂದು ಕೇರಿ. ಆದರೆ ಆ ಕೇರಿಯ ಸಮಿತಿಯ ಕಾಗದಗಳು ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಸಮಿತಿಯ ಕಾಗದ ಅಂದರೆ ಏನಿರುತ್ತದೆ ಅಂತ ಅರ್ಜಿ ಬರೆಯುವವರ ಮನೆಯಲ್ಲಿ ಬೆಳೆದವರಿಗೆ ಗೊತ್ತು. ಬಂದ ಪತ್ರ, ಕೊಟ್ಟ ಉತ್ತರ, ಯಾರ ಹತ್ತಿರ ಎಷ್ಟು ಹಣ ಬಂತು, ಯಾವ ಅಧಿಕಾರಿಯನ್ನು ಯಾವ ದಿನ ನೋಡಬೇಕು. ಓದೋಕೆ ಸಪ್ಪೆ. ಆದರೆ ಸೋತ ಹೋರಾಟಕ್ಕೆ ಅದೇ ಮೈ. ನೀರು ನಿಂತ ಮೇಲೆ, ಇಲ್ಲಿ ಜನ ಸುಮ್ನೆ ಎದ್ದು ಹೋದರು ಅಂತ ಯಾರು ಬೇಕಾದರೂ ಹೇಳಬಹುದು. ಪೆಟ್ಟಿಗೆ ಇದ್ದರೆ ಹಾಗೆ ಹೇಳೋಕೆ ಆಗುವುದಿಲ್ಲ.

ಫೋಟೋ ತೆಗೆದ ಜೆಫ್ ಚಾರ್ಲ್ಸ್ ಎಂಬ ಪತ್ರಿಕಾ ಛಾಯಾಗ್ರಾಹಕನ ಸುಮಾರು 1,20,000 ನೆಗೆಟಿವ್‌ಗಳೂ ಅಲ್ಲೇ ಇವೆ. ಬಹಳಷ್ಟನ್ನು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲಕ್ಕೆ ಹಾಕಿದ್ದಾರೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಪೆಲ್ ಕೆಲಿನ್‌ನ ಶಾಲಾಮಕ್ಕಳ ಮುಖ ನೋಡಬಹುದು. ನಮ್ಮ ಅಜ್ಜನ ಊರಿನ ಶಾಲೆಯ ಒಂದು ಫೋಟೋ ನನಗೆ ಇದುವರೆಗೂ ಸಿಕ್ಕಿಲ್ಲ.

ಇದೆಲ್ಲ ತಾನಾಗಿ ಆದದ್ದಲ್ಲ. 1983ರಲ್ಲಿ ಗ್ರಂಥಾಲಯ 'ವೆಲ್ಷ್ ರಾಜಕೀಯ ಅಭಿಲೇಖಾಲಯ' ಅಂತ ಒಂದು ವಿಭಾಗವನ್ನೇ ಶುರುಮಾಡಿತು. ಪಕ್ಷಗಳ, ನಾಯಕರ, ಚಳವಳಿಗಳ ಕಾಗದಗಳನ್ನು ಹುಡುಕಿ ತರುವುದು ಅದರ ಕೆಲಸ. ಒಂದೇ ಪಕ್ಷದ್ದಲ್ಲ, ಎಲ್ಲ ಪಕ್ಷಗಳದ್ದು. ಚುನಾವಣೆ ಬಂದಾಗ ಬಾಗಿಲ ಸಂದಿಯಲ್ಲಿ ತೂರಿ ಹೋಗುವ ಕರಪತ್ರಗಳನ್ನೂ ಬಿಡುವುದಿಲ್ಲ. ಬೇರೆ ಬೇರೆ ಕ್ಷೇತ್ರಗಳಿಂದ ಜನ ಕೂಡಿಸಿ ಕಳಿಸುತ್ತಾರೆ. ಠೇವಣಿ ಕಳೆದುಕೊಂಡವರ ಕರಪತ್ರಕ್ಕೂ ಗೆದ್ದವರದಕ್ಕೂ ಒಂದೇ ತರಹದ ಕಡತ, ಒಂದೇ ತರಹದ ಪೆಟ್ಟಿಗೆ. ಇದು ನನಗೆ ತುಂಬ ಹಿಡಿಸಿತು. ದಕ್ಷಿಣದ ಸ್ವಾನ್‌ಸಿಯಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿದೆ. ಕಲ್ಲಿದ್ದಲು ಗಣಿಗಳು ಮುಚ್ಚುತ್ತಿದ್ದಾಗ ಗಣಿಗಾರರು ತಮ್ಮ ದುಡ್ಡಿನಿಂದ ಕಟ್ಟಿಕೊಂಡಿದ್ದ ಓದುಮನೆಗಳ ಪುಸ್ತಕಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅವನ್ನೂ ಕಾರ್ಮಿಕ ಸಂಘದ ಕಡತಗಳನ್ನೂ 1970ರ ದಶಕದ ಆರಂಭದಲ್ಲಿ ಅಲ್ಲಿನ ವಿಶ್ವವಿದ್ಯಾಲಯದವರು ಊರೂರು ಸುತ್ತಿ ಕೂಡಿಹಾಕಿದರು. ಹಳೆಯ ಗಣಿಗಾರರ ಮಾತನ್ನೂ ಟೇಪು ಮಾಡಿಕೊಂಡರು.

ಎಲ್ಲವೂ ಎಲ್ಲರಿಗೂ ತೆರೆದಿರುವುದಿಲ್ಲ. ಬದುಕಿರುವವರ ಗುಟ್ಟು ಇರುವ ಕಡತಗಳನ್ನು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಕೊಡುವವರು ಹಾಕುವ ಷರತ್ತನ್ನೂ ಪಾಲಿಸುತ್ತಾರೆ. ಇದು ಸರಿ ಅನ್ನಿಸುತ್ತದೆ. ಮನೆಯ ಕಾಗದ ಕೊಡುವುದು ಸಣ್ಣ ನಂಬಿಕೆಯಲ್ಲ.

ಊರಿಗೆ ಬಂದ ಮೇಲೆ ನಾನು ಒಂದು ಕೆಲಸ ಹಿಡಿದೆ. ಅಜ್ಜನ ಹತ್ತಿರ ಇದ್ದದ್ದು ನಕಲು. ಮೂಲ ಅರ್ಜಿ ಕಚೇರಿಗೆ ಹೋಗಿರುತ್ತದೆ. ಆದರೆ ಕೆಲವರು ತಮಗೂ ಒಂದು ಪ್ರತಿ ಕೇಳಿ ಇಸಕೊಂಡಿರಬಹುದಲ್ಲ? ಹಾಗಂತ ಹಳೆಯ ಊರಿನವರು ಈಗ ಎಲ್ಲೆಲ್ಲಿದ್ದಾರೆ ಅಂತ ಅಮ್ಮನ ಹತ್ತಿರ ಪಟ್ಟಿ ಬರೆಸಿಕೊಂಡು ರಜೆಯಲ್ಲಿ ಒಂದೊಂದೇ ಮನೆಗೆ ಹೋಗುತ್ತಿದ್ದೇನೆ. ಮೊದಲ ಏಳು ಮನೆಯಲ್ಲಿ ಕಾಫಿ ಸಿಕ್ಕಿತು, ಕಥೆ ಸಿಕ್ಕಿತು, ಕಾಗದ ಸಿಗಲಿಲ್ಲ. ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಎಂಟನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. 'ಅವರ ಮೊಮ್ಮಗನೇನೋ ನೀನು' ಅಂತ ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಹಳೆಯ ಪಂಚಾಂಗ ತಂದರು. ಅದರ ನಡುವೆ ನಾಲ್ಕು ಮಡಿಕೆಯ ಒಂದು ಕಾಗದ. ಕಾರ್ಬನ್ನಿನ ನೀಲಿ ಅಕ್ಷರ. ಅಜ್ಜನದೇ. ಮನೆಯ ಅಳತೆ ಬರೆದುಕೊಂಡವರು ಕೊಟ್ಟಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಕೊಟ್ಟಿಗೆಯಲ್ಲಿ ಆರು ದನಗಳಿವೆ, ಅವುಗಳಿಗೂ ನೆಲೆ ಬೇಕು ಅಂತ ಅರ್ಜಿ. 'ಇಂತೀ ತಮ್ಮ ವಿಧೇಯ' ಅನ್ನುವುದರ ಕೆಳಗೆ ಸಹಿ ಇಲ್ಲ. ಆ ಅಜ್ಜಿಯ ಮಾವನ ಹೆಬ್ಬೆಟ್ಟಿನ ಗುರುತು ಇದೆ.

ನಾನು ಫೋಟೋ ತೆಗೆದುಕೊಂಡೆ. ಯಾರ ಮನೆ, ಯಾವ ದಿನ, ಯಾವುದರ ಒಳಗೆ ಇತ್ತು ಅಂತ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಮೂಲವನ್ನು ಕೊಡ್ತೀರಾ ಅಂತ ಕೇಳಬೇಕು ಅಂದುಕೊಂಡಿದ್ದೆ. ಕೇಳುವ ಮೊದಲೇ ಅಜ್ಜಿ ಕೈ ಚಾಚಿದರು. 'ಇದು ನಮ್ಮನೇದು, ಇಲ್ಲೇ ಇರಲಿ' ಅಂದರು. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿದರು. ಪಂಚಾಂಗದ ಅದೇ ಪುಟ ಹುಡುಕಿ ಇಟ್ಟರು.